ಮಡಿಯಲ್ಲಿರುವ ಕಂಬಿ

ನಮ್ಮ ಮನೆಯ ಗೋಡೆಯಲ್ಲೊಂದು ಸ್ಟೀಲ್ ಕಂಬಿ ನೆಲದಿಂದ ಎರಡೂ ಮುಕ್ಕಾಲು ಅಡಿ ಎತ್ತರದಲ್ಲಿದೆ. ಬಚ್ಚಲಿಗೆ ಹೋಗಿಬರುವಾಗ ಹಿಡಿದುಕೊಳ್ಳಲೆಂದು ಹಾಕಿಸಿದ್ದು. ಈಗ ಅದರ ಮೇಲೆ ಒಂಬತ್ತು ಗಜದ ಸೀರೆ ಒಣಗುತ್ತಿದೆ.

ಸವಣೂರಿನಲ್ಲೇ ಅತಿ ಸುರಕ್ಷಿತವಾಗಿರುವ ಸೀರೆ ನಮ್ಮ ಅತ್ಯಾನದು. ಅತ್ಯಾನ ಬಗ್ಗೆ ಹಾಗೆ ಹೇಳಲಾರೆ!

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ. ವಯಸ್ಸು ಎಪ್ಪತ್ತೆಂಟು. ಶಿಗ್ಗಾಂವಿಯ ಕಾಲೇಜಿನಲ್ಲಿ ಪಾಠ ಮಾಡುವ ನಾನು ಅವರ ಜೊತೆಗಿದ್ದೇನೆ. ಸಕ್ಕರೆ ಕಾಯಿಲೆಯಿಂದಾಗಿ ಅವರ ಅಂಗಾಲಿಗೆ ನೆಲವೇ ತಿಳಿಯುವುದಿಲ್ಲ. ಬಿದ್ದು ಸೊಂಟ ಮುರಿದರೆ ಮತ್ತೆ ಏಳುವುದು ಕಷ್ಟವೆಂದು ಡಾಕ್ಟರು ನನಗೊಬ್ಬಳಿಗೇ ಹೇಳಿದ್ದಾರೆ. ಆದರೆ ಸ್ನಾನವಾದ ಮೇಲೆ ಒಂದು ತಾಸು ಅತ್ಯಾ ಮಡಿಯಲ್ಲಿರುತ್ತಾರೆ. ಆಗ ಮಡಿಯಲ್ಲಿಲ್ಲದ ಯಾರೂ ಅವರನ್ನು ಮುಟ್ಟುವಂತಿಲ್ಲ, ನಾನಾಗಲಿ ಡಾಕ್ಟರಾಗಲಿ!

ಕಂಬಿ ಕೂರಿಸಿದ ಹುಲಗೂರಿನ ವೆಲ್ಡಿಂಗ್‌ನವನು ಸೀರೆ ನೋಡಿ ಕಂಗಾಲಾದ.

"ಅಮ್ಮಾರ, ಇದು ಹಿಡ್ಯಾಕ ಐತ್ರಿ, ಒಣಗ್ಸಾಕ ಅಲ್ರಿ."

"ಹಿಡದದಲ್ಲೋ ತಮ್ಮಾ, ಸೀರಿ ಹಿಡದದ!"

ಮಡಿಸೀರೆ ಹೊತ್ತ ಕಂಬಿಯನ್ನು ಸ್ನಾನಕ್ಕೆ ಮುಂಚೆ ಯಾರು ಮುಟ್ಟಬಹುದು? ಸ್ವತಃ ಅತ್ಯಾನೂ ಮುಟ್ಟುವಂತಿಲ್ಲ! ಹಾಗಾಗಿ ಅವರು ಅದರಿಂದ ಒಂದು ಮೊಳ ದೂರ ಸರಿದು, ಹಿಡಿಯಲು ಏನೂ ಇಲ್ಲದ ಕಡೆಯಿಂದ ನಡೆಯತೊಡಗಿದರು.

ನಾನು ನಾಲ್ಕು ಕಾಲಿನ ಊರುಗೋಲು ತಂದುಕೊಟ್ಟೆ. "ಎರಡ ಕಾಲು ಸಂಭಾಳಿಸೋದು ಆಗವಲ್ತು, ಇನ್ನೂ ನಾಕು ತಂದೀಯಲ್ಲ!" ಎಂದರು. ಅದೀಗ ತರಕಾರಿ ಚೀಲ ತೂಗುಹಾಕುವ ಗೂಟ.

ಒಂದು ಬೆಳಿಗ್ಗೆ ದಪ್ಪೆಂದು ಸದ್ದಾಯಿತು. ಓಡಿದೆ. ಸ್ನಾನ ಮುಗಿಸಿ, ರೂಢಿಯಂತೆ ಕಂಬಿಯಿಲ್ಲದ ಕಡೆಯಿಂದಲೇ ಬಂದ ಅತ್ಯಾ ಎದುರು ಗೋಡೆಯ ಬದಿಗೆ ಕುಸಿದು ಕುಳಿತಿದ್ದರು.

"ನಿಂದರ ಅಲ್ಲೇ! ಮಡೀಲೆ ಇದ್ದೇನಿ, ಮುಟ್ಟಬ್ಯಾಡ!"

ನಾನು ನಿಂತುಬಿಟ್ಟೆ. ಓದಿದವಳು, ಯಾಕೆ ನಿಂತೆ? ಅವರು ಗೋಡೆಗೆ ಅಂಗೈ ಒತ್ತಿ ಎರಡು ಸಲ ಎದ್ದರು, ಎರಡು ಸಲವೂ ಕುಸಿದರು. ಮೂರನೆಯ ಸಲ ನಿಂತರು. ಸ್ವಲ್ಪ ಹೊತ್ತಿಗೆ ದೇವರ ಮನೆಯಿಂದ ಗಂಟೆಯ ಸದ್ದು ಕೇಳಿತು.

ಸಂಜೆ, ಗಾಯವಾಗಿದೆಯೇ ಎಂದು ಅವರ ಅಂಗಾಲು ಎತ್ತಿ ನೋಡುತ್ತ ಕೇಳಿದೆ: "ಅತ್ಯಾ, ಜೀವಕ್ಕಿಂತ ಮಡಿ ದೊಡ್ಡದೇನ್ರಿ?"

ತಮಾಷೆಯ ಉತ್ತರವೊಂದು ಬರುತ್ತದೆಂದು ಕಾದೆ. ಬರಲಿಲ್ಲ.

"ದಿನಾಪೂರ್ತಿ ಎಲ್ಲಾರೂ ನನ್ನ ಮುಟ್ಟತೀರಿ. ಒಬ್ರು ಬೆರಳು ಚುಚ್ಚತೀರಿ, ಒಬ್ರು ತೋಳಿಗೆ ಪಟ್ಟಿ ಸುತ್ತತೀರಿ, ನೀ ಹಿಂಗ ಕಾಲು ಹೊಳ್ಳಿಸಿ ನೋಡ್ತಿ. ಬ್ಯಾಡ ಅನ್ಲಿಕ್ಕೆ ಬರೂದಿಲ್ಲ. ಅದೊಂದು ತಾಸು ಬ್ಯಾಡ ಅಂತೇನಿ."

ಹಿಡಿದಿದ್ದ ಕಾಲನ್ನು ಮೆಲ್ಲಗೆ ಕೆಳಗಿಟ್ಟೆ.

ಮರುದಿನ ಬೆಳಿಗ್ಗೆ ಅವರಿಗಿಂತ ಮೊದಲೇ ಎದ್ದು, ಉಟ್ಟ ಸೀರೆಯ ಮೇಲೇ ನೀರು ಹೊಯ್ದುಕೊಂಡೆ. ಸೆರಗು, ನೆರಿಗೆ ಹನಿ ಬೀಳದಂತೆ ಹಿಂಡಿ, ನೆಲ ಒರೆಸಿ, ಮಡಿಯಲ್ಲಿ ಬಚ್ಚಲ ಹೊರಗೆ ಕಾದೆ. ಅತ್ಯಾ ಸ್ನಾನ ಮುಗಿಸಿ ಬಾಗಿಲು ತೆರೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಹೊಸ್ತಿಲು ದಾಟಿದರು. ನಾನು ಕೈ ಚಾಚಲಿಲ್ಲ. ಅವರು ಬೇಕೆಂದರೆ ಹಿಡಿಯಬಹುದಾದಷ್ಟು ಹತ್ತಿರದಲ್ಲಿ, ಹಿಂದೆ ಹಿಂದೆ ನಡೆದೆ.