ಹೆಸರು ಹಿಡಿದು ಕರೆಯಲಾಗದ ಹುಡುಗ

ಸುಮಾ, ಗಿರೀಶ, ನಾಲ್ಕು ಜನರ ಮುಂದೆ ಬಾಯಿ ಬಿಡಲು ಹೆದರುವವರನ್ನೇ ಹುಡುಕಿ ಮಾತಿನ ಕೆಲಸಕ್ಕೆ ಹಚ್ಚುವುದು ದೊಡ್ಡವರಿಗೆ ಯಾಕೆ ಇಷ್ಟವೋ ನನಗೆ ಇವತ್ತಿಗೂ ತಿಳಿದಿಲ್ಲ. ಆಯನೂರಿನ ಶಾಲೆಯಲ್ಲಿ ನಾನು ಓದಿದ್ದು ಕಡಿಮೆ. ಓದಿದಷ್ಟನ್ನೂ ಗೋಡೆಯ ಕಡೆ ಮುಖ ಮಾಡಿಕೊಂಡೇ ಒಪ್ಪಿಸಿದವಳು. ಮದುವೆಯಾಗಿ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿಗೆ ಬಂದ ಮೇಲೆ, ನಿಮ್ಮ ತಾತನ ಒತ್ತಾಯಕ್ಕೆ ಹೊಲಿಗೆ ಕಲಿಯಲು ಮಹಿಳಾ ಸಮಾಜಕ್ಕೆ ಸೇರಿದೆ. ಹೊಲಿಗೆಯಲ್ಲಿ ಬಾಯಿಗೆ ಕೆಲಸವಿಲ್ಲ ಎಂಬ ಧೈರ್ಯ.

ಒಂದು ದಿನ ಪಕ್ಕದ ಪ್ರೈಮರಿ ಶಾಲೆಯ ಹೆಡ್‌ಮಿಸ್ ಸರೋಜಮ್ಮನವರು ಸಮಾಜಕ್ಕೆ ಬಂದರು. ಅವರ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಬಹಳಷ್ಟು ತಮಿಳು, ತೆಲುಗು ಮನೆಗಳವು. ಪಾಠವೆಲ್ಲ ಕನ್ನಡದಲ್ಲಿ. "ಮಕ್ಕಳು ದಡ್ಡರಲ್ಲ, ಮಾತು ತಿಳೀದೆ ಸುಮ್ಮನೆ ಕೂತಿರ್ತಾವೆ. ಮಧ್ಯಾಹ್ನ ಜೊತೆಗೆ ಕೂತು ಓದಿಸೋಕೆ ನಿಮ್ಮಲ್ಲಿ ಯಾರಾದ್ರೂ ಬನ್ನಿ" ಎಂದರು. ಆಫೀಸರುಗಳ ಹೆಂಡತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಬೇಡ ಎನ್ನಲಿಕ್ಕೂ ಬಾಯಿ ಬಿಡಬೇಕಲ್ಲ. ಹಾಗಾಗಿ ಒಪ್ಪಿಕೊಂಡಂತಾಯಿತು.

ನನ್ನ ಪಾಲಿಗೆ ಬಂದ ಮಕ್ಕಳಲ್ಲಿ ಒಬ್ಬ ತಮಿಳು ಹುಡುಗನಿದ್ದ. ಹಿಂದಿನ ವರ್ಷ ಫೇಲಾಗಿದ್ದವನು. ಅವನ ಹೆಸರೂ ನಿಮ್ಮ ತಾತನ ಹೆಸರೂ ಒಂದೇ. ಗಂಡನ ಹೆಸರನ್ನು ನಾಲಿಗೆಯ ಮೇಲೆ ತರಬಾರದೆಂದು ಬೆಳೆದವಳು ನಾನು. ಅವನನ್ನು ಕರೆಯುವುದು ಹೇಗೆ? "ಏ ಹುಡುಗಾ" ಎಂದರೆ ಎಲ್ಲ ಹುಡುಗರೂ ತಿರುಗುತ್ತಿದ್ದರು. ಒಂದು ಮಧ್ಯಾಹ್ನ ಗಡಿಬಿಡಿಯಲ್ಲಿ, ಮನೆಯಲ್ಲಿ ನಿಮ್ಮ ತಾತನನ್ನು ಕರೆದ ಹಾಗೆಯೇ, "ರೀ, ಸ್ವಲ್ಪ ಬನ್ನಿ" ಎಂದುಬಿಟ್ಟೆ. ಹುಡುಗ ಗಂಭೀರವಾಗಿ ಎದ್ದು ಬಂದ. ಅಲ್ಲಿಯವರೆಗೆ "ಲೋ" ಬಿಟ್ಟು ಬೇರೆ ಕೇಳದಿದ್ದ ಮಗು ಅದು. ಕನ್ನಡದಲ್ಲಿ ಹೀಗೇ ಕರೆಯಬೇಕೆಂದುಕೊಂಡು ಉಳಿದ ಮಕ್ಕಳೂ ಶುರು ಮಾಡಿದವು: "ರೀ, ಬಳಪ ಕೊಡ್ರೀ."

ರಾತ್ರಿ ಊಟಕ್ಕೆ ಬಡಿಸುತ್ತಾ ನಿಮ್ಮ ತಾತನಿಗೆ ಹೇಳಿದೆ. ನಕ್ಕು ನಕ್ಕು ಅವರಿಗೆ ಕೆಮ್ಮು ಬಂತು. ಆಮೇಲೆ ನೀರು ಕುಡಿದು ಹುಡುಗನ ವಿಷಯ ತೆಗೆದರು. ಹುಡುಗನ ಅಪ್ಪ ಅವರ ಜೊತೆಯಲ್ಲೇ ಕುಲುಮೆ ಹತ್ತಿರ ಕೆಲಸ ಮಾಡುತ್ತಿದ್ದವನು. "ಈ ಸಲವೂ ಫೇಲಾದ್ರೆ ಸ್ಕೂಲು ಬಿಡಿಸಿ, ದನ ಕಾಯೋಕೆ ಊರಿಗೆ ಕಳಿಸ್ತಾನಂತೆ. ಅವನನ್ನ ಬಿಡಬೇಡ ಮಾರಾಯ್ತಿ" ಎಂದರು. ಅನ್ನ ಕಲಸುತ್ತಾ ಕೂತರೇ ಹೊರತು ಬೇಗ ಉಣ್ಣಲಿಲ್ಲ.

ಪರೀಕ್ಷೆಗೆ ಶಿವಮೊಗ್ಗದಿಂದ ಇನ್‌ಸ್ಪೆಕ್ಟರು ಬಂದರು. ಓದಿಸಿದವರೇ ತಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಓದಿಸಬೇಕೆಂದು ಸರೋಜಮ್ಮನವರು ಹೇಳಿದ್ದರು. ಉಳಿದವರೆಲ್ಲ ಹೆಸರು ಕೇಳಿ ಬಂದರು, ಓದಿದರು. ಕೊನೆಗೆ ಇವನ ಸರದಿ ಬಂತು. ತಲೆ ತಗ್ಗಿಸಿಕೊಂಡು "ರೀ, ಬನ್ನಿ" ಎಂದೆ.

ಇನ್‌ಸ್ಪೆಕ್ಟರು ಕುರ್ಚಿಯಿಂದ ಎದ್ದು ನಿಂತರು. "ಏನಮ್ಮ, ಎಲ್ಲಿಗೆ ಬರಬೇಕು?"

ಸರೋಜಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ಅಷ್ಟರಲ್ಲಿ ಹುಡುಗ ಇನ್‌ಸ್ಪೆಕ್ಟರ ಪಕ್ಕದಲ್ಲೇ ಬಂದು ನಿಂತು ಪುಸ್ತಕ ತೆರೆದಿದ್ದ. ಇನ್‌ಸ್ಪೆಕ್ಟರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಕೂತುಕೊಂಡರು. ಅವನು ಓದಿದ. ನಡುವೆ ಒಂದು ಒತ್ತಕ್ಷರದ ಹತ್ತಿರ ನಿಂತ. ನಾನು ಹೇಳಿಕೊಡುವಂತಿರಲಿಲ್ಲ. ಅವನೇ ಆ ಪದವನ್ನು ಬಿಡಿಸಿ ಬಿಡಿಸಿ ಓದಿ, ಪಾಠದ ಕೊನೆ ಮುಟ್ಟಿಸಿದ. "ಮುಂದಿನ ಕ್ಲಾಸಿಗೆ ಹಾಕಿ" ಎಂದರು ಇನ್‌ಸ್ಪೆಕ್ಟರು.

ಸಂಜೆ ನಿಮ್ಮ ತಾತ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಬಿಡದೆ, "ನೀವು ಪಾಸಾದ್ರಿ ಕಣ್ರೀ" ಎಂದೆ. ಅವರು ಒಳಗೂ ಬಾರದೆ, ಹಾಗೇ ತಿರುಗಿ ಹುಡುಗನ ಮನೆ ಕಡೆ ನಡೆದರು.

ಅವರು ತೀರಿಕೊಂಡು ಇಷ್ಟು ಕಾಲವಾಯಿತು, ಇನ್ನೂ ಹೆಸರು ಹೇಳಲು ಏನಜ್ಜಿ ನಾಚಿಕೆ ಎಂದು ನೀವು ನಗುತ್ತೀರಿ. ಇವತ್ತಾದರೂ ಬರೆದೇ ಬಿಡೋಣವೆಂದು ಪೆನ್ನು ಊರಿದೆ. ಮಸಿಯ ಚುಕ್ಕೆಯೊಂದು ಬಿತ್ತೇ ಹೊರತು ಅಕ್ಷರ ಬರಲಿಲ್ಲ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಆ ಹೆಸರನ್ನು ನೀವೇ ಎಲ್ಲಾದರೂ ಅಂಚಿನಲ್ಲಿ ಬರೆದುಬಿಡಿ. ನಾನು ಆ ಕಡೆ ತಿರುಗಿ ಕೂತಿರುತ್ತೇನೆ.