ಏಳನೇ ಖಣಿಯ ಸಮುದ್ರದ ಬಗ್ಗೆ ಒಂದು ಅರಿಕೆ

ಶಹಾಬಾದ್, ಫೆಬ್ರುವರಿ 1955
ಬೆಳಗಿನ ಜಾವ ಮೂರು ಗಂಟೆ

ನವಕಲ್ಯಾಣ ಫರ್ಸಿ ಕಂಪನಿಯ ಮ್ಯಾನೇಜರರೂ, ದ್ವೀಪ ದರ್ಶನ ಸಮಿತಿಯ ಅಧ್ಯಕ್ಷರೂ, ಈ ಊರಿಗೆ ಸಮುದ್ರವನ್ನು ತಂದುಕೊಟ್ಟವರೂ ಆದ ಮಾನ್ಯರೇ,

ತಮಗೂ ತಮ್ಮ ಧರ್ಮಪತ್ನಿಯವರಿಗೂ ಬಂಗಲೆಯ ಗುಲಾಬಿ ಗಿಡಗಳಿಗೂ ಅನಂತ ಶರಣು ಶರಣಾರ್ಥಿಗಳನ್ನು ಸಲ್ಲಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ಈ ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಏಳನೇ ಖಣಿಯ ಕಡೆಯಿಂದ ಡೀಸೆಲ್ ಪಂಪಿನ ಢಗ್ ಢಗ್ ಸದ್ದು ಕೇಳಿ ನನಗೆ ಎಚ್ಚರವಾಯಿತು. ಎಚ್ಚರವಾಯಿತು ಎನ್ನುವುದು ಬರೆಯುವ ರೂಢಿ. ಎಂಟು ತಿಂಗಳ ಕೂಸಿರುವ ಮನೆಯಲ್ಲಿ ನಿದ್ದೆಯೆಂದರೆ ಕಣ್ಣು ಮುಚ್ಚಿಕೊಂಡು ಮಾಡುವ ಕಾವಲು, ಅಷ್ಟೆ. ಆ ಸದ್ದಿಗೆ ಮೊದಲು ನನಗೆ ಸಮಾಧಾನವೇ ಆಯಿತು. ನಿನ್ನೆ ಸಂಜೆ ನಾನು ಸಮಿತಿಗೆ ಮಾಡಿಕೊಂಡ ಮನವಿಯನ್ನು ತಾವು ಮನ್ನಿಸಿದ್ದೀರಿ, ಮಕ್ಕಳು ಇಳಿಯುವ ಮೊದಲೇ ಖಣಿಯ ನೀರು ತೆಗೆಸುತ್ತಿದ್ದೀರಿ ಎಂದು ತಿಳಿದು ಹಾಸಿಗೆಯಲ್ಲಿ ಕುಳಿತೇ ತಮಗೊಂದು ಕೈ ಮುಗಿದೆ. ಮುಗಿದ ಆ ಕೈಯನ್ನು ಈಗ ವಾಪಸು ತೆಗೆದುಕೊಳ್ಳಲು ಅಪ್ಪಣೆಯಾಗಬೇಕು.

ಇದು ಬಹಿರಂಗ ಪತ್ರವಾದ್ದರಿಂದ, ವಿಷಯ ತಿಳಿಯದೆ ಓದುವವರಿಗಾಗಿ ತಮ್ಮ ಸಾಧನೆಯನ್ನು ಸ್ವಲ್ಪ ವಿವರಿಸುವುದು ನನ್ನ ಕರ್ತವ್ಯ. ಹೋದ ಡಿಸೆಂಬರಿನಲ್ಲಿ ತಾವು ಸಪತ್ನೀಕರಾಗಿ ಲಂಕೆಗೆ ದಯಮಾಡಿಸಿದ್ದಿರಿ. ಅಲ್ಲಿ ಯಾವುದೋ ಕಂಪನಿಯವರು ಸಂಜೆ ಐದಕ್ಕೆ ತಮ್ಮನ್ನು ಮೋಟಾರಿನಲ್ಲಿ ಕೂಡಿಸಿಕೊಂಡು ಹೋಗಿ, ಕಡಲತೀರ, ತೆಂಗಿನ ತೋಪು, ಬಲೆ ಎಳೆಯುವ ಬೆಸ್ತರು, ಡೋಲು, ಕುಣಿತ, ಎಳನೀರು, ಸೂರ್ಯಾಸ್ತ ಇಷ್ಟನ್ನೂ ತೋರಿಸಿ ಏಳೂವರೆಗೆಲ್ಲ ಹೋಟೆಲಿಗೆ ಮುಟ್ಟಿಸಿದರಂತೆ. ಎರಡೂವರೆ ತಾಸಿನಲ್ಲಿ ಒಂದು ದೇಶದ ಸಂಸ್ಕೃತಿ ಪೂರ್ತಿ ತಿಳಿದುಬಿಡಬಹುದು ಎಂಬ ಜ್ಞಾನದೊಂದಿಗೆ ಮರಳಿದ ತಮಗೆ ಏಳನೇ ಖಣಿ ಕಣ್ಣಿಗೆ ಬಿತ್ತು. ನೆಲಕ್ಕೆ ಹಾಸುವ ಫರ್ಸಿ ಕಲ್ಲು ತೀರಿಹೋಗಿ, ನೀರು ನಿಂತು, ಸುಣ್ಣಗಲ್ಲಿನ ಪುಡಿಯಿಂದ ಆ ನೀರು ಹಸಿರುನೀಲಿಗೆ ತಿರುಗಿ ನಾಲ್ಕು ವರ್ಷವಾಗಿತ್ತು. ನಾವು ತಿಳಿಗೇಡಿಗಳು ಅದನ್ನು ಹಾಳು ಖಣಿ ಎನ್ನುತ್ತಿದ್ದೆವು. ತಾವು ಒಂದೇ ನೋಟಕ್ಕೆ ಹಿಂದೂ ಮಹಾಸಾಗರವೆಂದು ಗುರುತಿಸಿದಿರಿ. ನಡುವೆ ರದ್ದಿ ಕಲ್ಲು ಸುರಿದ ದಿಬ್ಬವಿತ್ತಲ್ಲ, ಅದು ದ್ವೀಪವಾಯಿತು. ಇಂದು ಸಂಜೆ ಹೈದರಾಬಾದಿನಿಂದ ಬರುವ ಡೈರೆಕ್ಟರರಿಗೆ ತಾವು ಅದನ್ನು ತೋರಿಸುವವರಿದ್ದೀರಿ.

ಸಮಿತಿ ಅಚ್ಚು ಹಾಕಿಸಿದ ಕಾರ್ಯಕ್ರಮ ಪತ್ರಿಕೆಯನ್ನು ನಾನು ಎಷ್ಟು ಸಲ ಓದಿದರೂ ದಣಿಯಲಿಲ್ಲ. ಐದಕ್ಕೆ ಕಡಲತೀರ ವಿಹಾರ. ಐದೂವರೆಗೆ ಪೀಪಾಯಿಯ ದೋಣಿಯಲ್ಲಿ ದ್ವೀಪಕ್ಕೆ ಪ್ರಯಾಣ. ಐದೂ ಮುಕ್ಕಾಲಿಗೆ ದ್ವೀಪವಾಸಿಗಳಿಂದ ಸ್ವಾಗತ. ಆರು ಇಪ್ಪತ್ತಕ್ಕೆ, ಸಮಿತಿಯ ವತಿಯಿಂದ, ಸೂರ್ಯಾಸ್ತ. ತೀರಕ್ಕೆಂದು ಕಾಗಿಣಾ ಹೊಳೆಯಿಂದ ಹದಿನಾಲ್ಕು ಬಂಡಿ ಉಸುಕು ಬಂತು. ತೆಂಗಿನ ಮರ ನಮ್ಮ ಸೀಮೆಯಲ್ಲಿ ಹುಟ್ಟುವುದಿಲ್ಲವೆಂಬ ಕೊರತೆಯನ್ನು ತಮ್ಮ ಬಡಗಿಗಳು ಈಚಲ ಮರಗಳಿಗೆ ಕಂಬ ಜೋಡಿಸಿ, ಆರು ಅಡಿ ಎತ್ತರಿಸಿ, ಸಂತೆಯ ತೆಂಗಿನಕಾಯಿಗಳನ್ನು ತಂತಿಯಿಂದ ಬಿಗಿದು ಒಂದೇ ದಿನದಲ್ಲಿ ನೀಗಿದರು. ನಮ್ಮ ಓಣಿಯ ಹಿರಿಯಳಾದ ಬಸ್ಸಮ್ಮ ಇದನ್ನೆಲ್ಲ ನೋಡಿ ಬಂದು, "ಲಂಕಾ ಅಂತೂ ಛಲೋ ಆಗ್ಯಾದ ಬಿಡವ್ವ, ಸುಡಾಕ ಯಾರು ಬರ್ತಾರಂತ?" ಎಂದು ಕೇಳಿದ್ದನ್ನು ಮೆಚ್ಚುಗೆಯ ಮಾತೆಂದೇ ಸಮಿತಿಯ ದಫ್ತರಿನಲ್ಲಿ ಬರೆದುಕೊಳ್ಳಬೇಕು.

ಇನ್ನು ಸಂಸ್ಕೃತಿಯ ವಿಷಯ. ಕಂಪನಿಯ ಶಾಲೆಯಿಂದ ಇಪ್ಪತ್ತನಾಲ್ಕು ಮಕ್ಕಳನ್ನು ದ್ವೀಪವಾಸಿಗಳಾಗಿ ನೇಮಿಸಲಾಗಿದೆ. ಅವರಲ್ಲಿ ನನ್ನ ಮಗಳು ಚಂದಮ್ಮ ಒಬ್ಬಳು. ವಯಸ್ಸು ಆರು, ಎತ್ತರ ಸರಿಯಾಗಿ ಎರಡೂವರೆ ಮೊಳ. ಅವಳಿಗೆ ಬೆಸ್ತರ ಹುಡುಗಿಯ ಪಾತ್ರ. ಹುಟ್ಟಿದಾಗಿನಿಂದ ಮೀನು ಕಾಣದ ಲಿಂಗವಂತರ ಮನೆಯ ಕೂಸಿಗೆ ಮೀನಿನ ಬುಟ್ಟಿ ಹೊರಿಸಿದ ತಮ್ಮ ಉದಾರ ಬುದ್ಧಿಯ ಬಗ್ಗೆ ನನ್ನ ತಕರಾರಿಲ್ಲ, ಅತ್ತೆಯವರದಿದೆ, ಅದನ್ನು ಅವರೇ ಬೇರೆ ಬರೆಸುತ್ತಾರೆ. ನನ್ನ ಸಂಕಟ ಮೀನಿನದು. ನಿಜವಾದ ಮೀನು ಸಂಜೆಯವರೆಗೆ ನಾರುತ್ತದೆ, ರಟ್ಟಿನ ಮೀನು ನೀರಿಗೆ ನೆನೆಯುತ್ತದೆ. ಆದ್ದರಿಂದ ಕಂಪನಿಯ ಮಾಲಿನ ಪ್ರದರ್ಶನವೂ ಆದಂತಾಯಿತೆಂದು ತಾವು ಮೀನುಗಳನ್ನು ಶಹಾಬಾದಿ ಕಲ್ಲಿನಲ್ಲೇ ಕಡೆಸಿದಿರಿ. ಎಂಥ ಮೀನುಗಳು, ಮಾನ್ಯರೇ! ಒಂದೊಂದು ಹುರುಪೆಯೂ ಎದ್ದು ಕಾಣುತ್ತದೆ. ಬುಟ್ಟಿಗೆ ಐದರಂತೆ ಹಾಕಿ ತಲೆಯ ಮೇಲಿಟ್ಟು, ಜಾರದಿರಲೆಂದು ಗದ್ದದ ಕೆಳಗೆ ಹಗ್ಗದಿಂದ ಕಟ್ಟಿದ್ದಾರೆ. ಈ ಮಕ್ಕಳು ಆ ಬುಟ್ಟಿ ಹೊತ್ತು, ದಂಡೆಯಿಂದ ದ್ವೀಪದವರೆಗೆ ನೀರಿನಲ್ಲೇ ನಡೆದುಹೋಗಬೇಕು. ಅದರ ತಾಲೀಮು ಬೆಳಿಗ್ಗೆ ಆರಕ್ಕೆ. ಅಂದರೆ ಇನ್ನು ಮೂರು ತಾಸಿಗೆ.

ನಿನ್ನೆ ಸಂಜೆ ನಾನು ಮಗಳನ್ನು ಕರೆತರಲು ಕಂಪನಿಯ ಕ್ಲಬ್ಬಿಗೆ ಹೋಗಿದ್ದೆ. ಮೈಗೆ ಬಳಿದ ಬಣ್ಣ ಒಣಗಬೇಕೆಂದು ಮಕ್ಕಳೆಲ್ಲರನ್ನೂ ರಾತ್ರಿ ಅಲ್ಲೇ ಮಲಗಿಸಿ ಬೀಗ ಹಾಕುವ ಏರ್ಪಾಡಾಗಿತ್ತು. ಹಾಗಾದರೆ ಬೆಳಗಿನೊಳಗೆ ಖಣಿಯ ನೀರನ್ನಾದರೂ ತೆಗೆಸಿರಿ ಎಂದು ಸಮಿತಿಗೆ ಬೇಡಿಕೊಂಡೆ. ತಮ್ಮ ಹೆಡ್‌ಕ್ಲರ್ಕರೂ ಸಮಿತಿಯ ಕಾರ್ಯದರ್ಶಿಯೂ ಆದ ಬಸವಂತರಾಯರು ಅತ್ಯಂತ ಸೌಜನ್ಯದಿಂದ, "ಅಕ್ಕೋರ, ಕಾಲೇಜು ಕಲ್ತವರು ನೀವ ಹಿಂಗ ಅಂಜಿದ್ರ ಹೆಂಗ್ರಿ? ಬರೇ ಮೊಣಕಾಲುದ್ದ ನೀರದ. ನಾನೇ ಖುದ್ದ ಇಳಿದು ನೋಡೀನಿ" ಎಂದರು. ಎಲ್ಲಿ ಇಳಿದಿರಿ ಎಂದು ಕೇಳಿದೆ. ದಂಡೆಯಿಂದ ಒಂದು ಹೆಜ್ಜೆ, ಧೋತರ ಎತ್ತಿಕೊಂಡು, ಎಂದರು. ಯಾರ ಮೊಣಕಾಲು ಎಂದು ಕೇಳಿದೆ. ಅದಕ್ಕವರು ನಕ್ಕುಬಿಟ್ಟರು. ಬಾಗಿಲ ಕಾವಲಿನ ಅಬ್ದುಲ್ ಗನಿ ಮಾತ್ರ ನಾನು ಹೊರಟಾಗ ಹಿಂದೆಯೇ ಬಂದು, "ಫಿಕರ್ ಮಾಡಬ್ಯಾಡ್ರಿ ಅಮ್ಮಾ, ಚಂದಮ್ಮ ಉಂಡು ಮಕ್ಕೊಂಡಾಳ. ಬುಟ್ಟಿ ದೂರ ಇಡವಾ ಅಂದ್ರ ಕೇಳವಲ್ಲಳು, ಬಾಜೂಕ ಇಟ್ಕೊಂಡಾಳ" ಎಂದು ಹೇಳಿ ಕಣ್ಣು ತಪ್ಪಿಸಿದ.

ಮೊಣಕಾಲಿನ ಬಗ್ಗೆ ಕಾರ್ಯದರ್ಶಿಗಳು ಸುಳ್ಳು ಹೇಳಲಿಲ್ಲ. ಅವರಿಟ್ಟ ಹೆಜ್ಜೆಯ ಮಟ್ಟಿಗೆ ಅದು ಪರಮ ಸತ್ಯ. ಆದರೆ ದಫ್ತರಿನಲ್ಲಿ ಕುಳಿತು ಫರ್ಸಿ ಮಾರುವವರಿಗೂ ಖಣಿಯಲ್ಲಿ ನಿಂತು ಫರ್ಸಿ ಎಬ್ಬಿಸುವವರಿಗೂ ಇರುವ ವ್ಯತ್ಯಾಸ ಅಲ್ಲೇ ಇದೆ. ಕೆರೆಯ ತಳದಂತೆ ಖಣಿಯ ತಳ ಇಳಿಜಾರಲ್ಲ. ನಮ್ಮ ಕಲ್ಲು ಪದರುಪದರಾಗಿ ಏಳುವುದರಿಂದ ಖಣಿಯೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೊದಲ ಮೆಟ್ಟಿಲು ಮೊಣಕಾಲುದ್ದ, ಅದರ ಅಂಚಿನಿಂದ ಒಂದು ಗೇಣು ಆಚೆ ಕಾಲಿಟ್ಟರೆ ಎರಡಾಳುದ್ದ. ಸುಣ್ಣದ ನೀರಿನಲ್ಲಿ ಅಂಚು ಕಾಣುವುದಿಲ್ಲ. ಕಂಪನಿಯ ಲಾರಿಯೇ ಇದಕ್ಕೆ ಸಾಕ್ಷಿ. ಹೋದ ಶ್ರಾವಣದಲ್ಲಿ ತೊಳೆಯಲೆಂದು ಅದನ್ನು ಹಿಂದೆ ಬಿಟ್ಟುಕೊಂಡ ಡ್ರೈವರ್ ಸಾಯಬಣ್ಣ ಈಜಿ ಹೊರಬಂದ. ಲಾರಿಗೆ ಈಜು ಬರುತ್ತಿರಲಿಲ್ಲವಾಗಿ ಅಲ್ಲೇ ಇದೆ. ಅತಿಥಿಗಳಿಗೆ ಮುಳುಗಿದ ಹಡಗೆಂದು ತೋರಿಸುವ ಅವಕಾಶವನ್ನು ಸಮಿತಿ ಯಾಕೆ ಬಿಟ್ಟಿತೋ ತಿಳಿಯದು.

ದಂಡೆಯಿಂದ ದಿಬ್ಬಕ್ಕೆ ಹೋಗಲು ಕಡಿಯದೆ ಬಿಟ್ಟ ಕಲ್ಲಿನ ಒಂದೇ ಒಂದು ಸಾಲಿದೆ, ಎರಡು ಮೊಳ ಅಗಲದ್ದು. ಕೆಲಸಗಾರರು ಅದರ ಎರಡೂ ಅಂಚಿಗೆ ಕೆಂಪು ಬಳಿದ ಕಲ್ಲು ನಿಲ್ಲಿಸಿದ್ದರು. ನಿನ್ನೆಯವರೆಗೆ ಆ ಕಲ್ಲುಗಳ ತಲೆ ನೀರಿನ ಮೇಲೆ ಕಾಣುತ್ತಿತ್ತು. ಆ ಧೈರ್ಯದ ಮೇಲೆಯೇ ನಾನು ಕ್ಲಬ್ಬಿನ ಬೀಗ ಒಡೆಯದೆ ಮನೆಗೆ ಬಂದೆ.

ಪಂಪಿನ ಸದ್ದಿಗೆ ನಾನು ಕೈ ಮುಗಿದು ಇನ್ನೂ ಕಾಲು ತಾಸಾಗಿರಲಿಲ್ಲ. ಖಣಿಯ ಮಗ್ಗುಲ ಗುಡಿಸಿಲಿನಲ್ಲಿರುವ ಮಾಶಾಬಿ ಬಾಗಿಲು ಬಡಿದಳು. ಇಪ್ಪತ್ತು ವರ್ಷ ಕಲ್ಲು ಎಬ್ಬಿಸಿದವಳು, ಅವಳ ಮೊಮ್ಮಗನೂ ದ್ವೀಪವಾಸಿಯೇ. "ಅಕ್ಕಾ, ನೀರು ತೆಗ್ಯಾಕತ್ತಿಲ್ರಿ. ಆರನೇ ಖಣಿದು ತಂದು ಏಳನೇದಕ್ಕ ಬಿಡಾಕತ್ತಾರ. ಕೆಂಪುಗಲ್ಲು ಮುಣಗ್ಯಾವ" ಎಂದಳು. ಯಾಕಂತೆ ಎಂದು ಕೇಳಿದೆ. "ದೋಣಿ ತಳಕ್ಕ ತಾಗತದಂತ. ಮ್ಯಾಲ ಸಾಹೇಬರು ನೋಡಿ, ಇದು ಸಮುದ್ರ ಕಂಡಂಗ ಕಾಣವಲ್ದು, ಎಮ್ಮಿ ಮೈ ತೊಳೆಯೋ ಹೊಂಡ ಕಂಡಂಗ ಕಾಣ್ತದ ಅಂದ್ರಂತ" ಎಂದಳು. ಸಮುದ್ರಕ್ಕೆ ತಾವು ಇಟ್ಟುಕೊಂಡ ಗೌರವ ದೊಡ್ಡದು, ಮಾನ್ಯರೇ. ಬೆಳಗಿನ ಹೊತ್ತಿಗೆ ಇನ್ನೊಂದು ಮೊಳ ಏರುತ್ತದೆ ಎಂದು ಮಾಶಾಬಿ ಬೆರಳು ಮಡಿಚಿ ಲೆಕ್ಕ ಹೇಳಿದಳು. ನಾನು ಕಾಲೇಜಿನಲ್ಲಿ ಭೂಗೋಳ ಓದಿ, ಭರತ ಇಳಿತಕ್ಕೆ ಚಂದ್ರನೇ ಕಾರಣವೆಂದು ಬರೆದು ಇಂಟರ್ ಪಾಸಾದವಳು. ಕೆಲವು ಕಡೆ ಮ್ಯಾನೇಜರರೂ ಕಾರಣರಾಗುತ್ತಾರೆಂದು ಈಗ ತಿದ್ದಿಕೊಂಡಿದ್ದೇನೆ.

ಕೂಸನ್ನು ಕಟ್ಟಿಕೊಂಡು, ಪಾಳಿಯ ಹಾಜರಿ ಬರೆಯುವ ಟೈಮ್ ಆಫೀಸಿಗೆ ಓಡಿದೆ. ಅಲ್ಲಿ ರಾತ್ರಿಪಾಳಿಯ ಟೈಮ್‌ಕೀಪರ್ ಕಲ್ಯಾಣಪ್ಪನವರು ನನ್ನ ಯಜಮಾನರೇ. ರಾತ್ರಿ ಪಂಪು ಅವರ ಉಸ್ತುವಾರಿಯಲ್ಲೇ ನಡೆಯುತ್ತದೆ. ನಿಲ್ಲಿಸಿರಿ ಎಂದೆ. ಅವರು ಮೇಜಿನ ಮೇಲಿನ ಫೋನನ್ನು ತೋರಿಸಿ, "ಬಂಗಲೆಯಿಂದ ಒಂದು ಫೋನ್ ಬರಲಿ, ನಿಮಿಷದಾಗ ನಿಲ್ಲಿಸ್ತೀನಿ. ಕ್ಲಬ್ಬಿನ ಬೀಗಾನೂ ತೆಗಸ್ತೀನಿ. ಹುಕುಂ ಇಲ್ಲದ ನಿಲ್ಸಿದ್ರ ನಾಳೆ ಇನ್ನೊಬ್ಬಾತ ಬಂದು ಚಾಲೂ ಮಾಡ್ತಾನ, ನಾನು ಗೇಟಿನ ಹೊರಗ ನಿಂತಿರ್ತೀನಿ. ಆಗ ಮಕ್ಕಳನ್ನ ಯಾರು ನೋಡ್ಬೇಕು?" ಎಂದರು. ಚಂದಮ್ಮ ಅವರ ಮಗಳೂ ಹೌದು. ಹಾಗಾದರೆ ನೀವೇ ಫೋನು ತಿರುವಿರಿ ಎಂದೆ. ತಿರುವಿದ್ದರಂತೆ, ನಾಲ್ಕು ಸಲ. ತಮ್ಮ ನಿದ್ದೆಗೆ ಭಂಗ ಬರಬಾರದೆಂದು ರಾತ್ರಿ ಹತ್ತರಿಂದ ಬಂಗಲೆಯ ಫೋನಿನ ಗಂಟೆಯನ್ನು ಬಿಚ್ಚಿಡುತ್ತಾರಲ್ಲ, ಆದ್ದರಿಂದ ಆ ಫೋನಿಗೆ ಮೇಲಿನಿಂದ ಕೆಳಗೆ ಮಾತಾಡುವುದಷ್ಟೇ ಬರುತ್ತದೆ. ಬಂಗಲೆಯ ಗೇಟಿಗೆ ಹೋದ ಮಾಶಾಬಿಗೆ ಸಿಕ್ಕ ಉತ್ತರವೆಂದರೆ, ಸಾಹೇಬರನ್ನು ಎಬ್ಬಿಸುವ ಪದ್ಧತಿಯಿಲ್ಲ, ಐದು ಗಂಟೆಗೆ ಚಹಾದ ತಟ್ಟೆಯಲ್ಲಿ ಕಾಗದಪತ್ರ ಇಡುವ ಪದ್ಧತಿಯಿದೆ. ಈ ಪತ್ರ ಹುಟ್ಟಿದ್ದು ಹಾಗೆ. ತಮ್ಮ ಬಿಸ್ಕೀಟಿನ ಪಕ್ಕದಲ್ಲಿ ಇದಕ್ಕೆ ಸ್ಥಳ ಸಿಕ್ಕಿದ್ದು ನನ್ನ ಭಾಗ್ಯ.

ತಮ್ಮ ಕಾರ್ಯಕ್ರಮಕ್ಕೆ ಅಡ್ಡಿ ಮಾಡುವ ಇಚ್ಛೆ ನನಗಿಲ್ಲವಾದ್ದರಿಂದ ಬೇರೆ ದಾರಿಗಳನ್ನೂ ಯೋಚಿಸಿದ್ದೇನೆ. ಈಚಲ ಮರವನ್ನು ಒಂದು ದಿನದಲ್ಲಿ ಆರು ಅಡಿ ಎತ್ತರಿಸಿದ ಬಡಗಿಗಳನ್ನೇ ಕಳಿಸಿ ಆರು ಗಂಟೆಯೊಳಗೆ ಇಪ್ಪತ್ತನಾಲ್ಕು ಮಕ್ಕಳನ್ನೂ ಎರಡೆರಡು ಮೊಳ ಎತ್ತರಿಸಿಕೊಡಬೇಕು. ಅದು ಆಗದಿದ್ದರೆ, ಕಾರ್ಯದರ್ಶಿಯವರ ಸಹಿಯಿಂದ, ಖಣಿಯ ಎರಡನೇ ಮೆಟ್ಟಿಲು ಮೊದಲನೆಯದರ ಮಟ್ಟದಲ್ಲೇ ಇರತಕ್ಕದ್ದೆಂದು ನೋಟೀಸು ಅಂಟಿಸಬೇಕು. ಕಲ್ಲಿನ ಮೀನುಗಳಿಗಾದರೂ ತೇಲುವಂತೆ ಹುಕುಂ ಆಗಬೇಕು. ಇದಾವುದೂ ತಮ್ಮ ಕೈಯಲ್ಲಿಲ್ಲ ಎಂದಾದರೆ, ತಾಲೀಮನ್ನು ಮೊದಲು ಸಮಿತಿಯವರೇ ನಡೆಸಲಿ: ಬಸವಂತರಾಯರು ಬುಟ್ಟಿ ಕಟ್ಟಿಕೊಂಡು ಮುಂದೆ, ತಾವು ಹಿಂದೆ. ತಾವು ದ್ವೀಪ ಮುಟ್ಟಿದ್ದನ್ನು ಕಣ್ಣಾರೆ ಕಂಡ ಮೇಲೆ ನನ್ನ ಮಗಳನ್ನು ನಾನೇ ಕೈ ಹಿಡಿದು ತರುತ್ತೇನೆ.

ನನ್ನ ಮಗಳೊಬ್ಬಳನ್ನು ಬಿಡಿಸಿಕೊಂಡರೆ ಸಾಕಲ್ಲ, ಇಷ್ಟುದ್ದ ಯಾಕೆ ಬರೆದೆಯೆಂದು ತಾವು ಕೇಳಬಹುದು. ಅವಳ ಬುಟ್ಟಿಯನ್ನು ಇನ್ನೊಂದು ಕೂಸಿನ ತಲೆಗೆ ಕಟ್ಟುತ್ತಾರೆ, ಮಾನ್ಯರೇ. ಆ ಕೂಸಿನ ತಾಯಿಗೆ ಬರೆಯಲು ಬರುವುದಿಲ್ಲ.

ಆದ್ದರಿಂದ ಈವರೆಗಿನ ಹೊಗಳಿಕೆಯನ್ನೆಲ್ಲ ಬೇಕಾದರೆ ಓದದೆ ಬಿಡಿರಿ, ಇದೊಂದನ್ನು ಓದಿರಿ. ಆರು ಗಂಟೆಗೆ ಇನ್ನೂ ಮಬ್ಬುಗತ್ತಲು. ಮಕ್ಕಳು ನಿದ್ದೆಗಣ್ಣಿನಲ್ಲಿರುತ್ತಾರೆ. ದಾರಿ ತೋರಿಸುವ ಕಲ್ಲು ನೀರೊಳಗಿದೆ, ತಲೆಯ ಮೇಲೆ ಕಲ್ಲಿದೆ, ಗದ್ದಕ್ಕೆ ಗಂಟಿದೆ. ಇದನ್ನು ಇಲ್ಲಿಯವರೆಗೆ ಓದಿದವರು ಎದ್ದು, ಚಪ್ಪಲಿ ಮೆಟ್ಟದಿದ್ದರೂ ನಡೆದೀತು, ಫೋನಿನ ಹತ್ತಿರ ಹೋಗಿ, ಟೈಮ್ ಆಫೀಸಿಗೆ "ನಿಲ್ಲಿಸಿ, ಮಕ್ಕಳನ್ನು ಮನೆಗೆ ಕಳಿಸಿ" ಎಂಬ ಎರಡು ಮಾತು ಹೇಳಿದರೆ ಸಾಕು.

ಬೇರೆ ಯಾವುದರಲ್ಲೂ ಉಳಿಯದ ವಿಶ್ವಾಸವನ್ನು ತಮ್ಮ ಒಂದು ಫೋನಿನಲ್ಲಿ ಇಟ್ಟು ಕುಳಿತಿರುವ,
ತಮ್ಮ ವಿಶ್ವಾಸಿ,
ಗುರುಲಿಂಗಮ್ಮ
(ದ್ವೀಪವಾಸಿ ಚಂದಮ್ಮನ ತಾಯಿ)

ತಾ.ಕ.: ಈ ಪತ್ರಕ್ಕೆ ಕಾರ್ಬನ್ ಹಾಕಿ ಮೂರು ಪ್ರತಿ ಮಾಡಿದ್ದೇನೆ. ಒಂದು ತಮ್ಮ ತಟ್ಟೆಗೆ. ಒಂದು ಕ್ಲಬ್ಬಿನ ಬಾಗಿಲಿಗೆ. ಮೂರನೆಯದು ಗುಲಬರ್ಗಾದ ವಾರಪತ್ರಿಕೆಗೆ. ಏಳು ಗಂಟೆಯ ಪ್ಯಾಸೆಂಜರಿಗೆ ಟಪಾಲು ಹೋಗುತ್ತದೆ. ಲಕೋಟೆಯ ಮೇಲೆ ಒಂದು ಮಾತು ಬರೆಯುವುದನ್ನು ಮಾತ್ರ ಉಳಿಸಿಕೊಂಡಿದ್ದೇನೆ: ಸಂಪಾದಕರು ಇದನ್ನು ಹಾಸ್ಯದ ಪುಟಕ್ಕೆ ಹಾಕಬೇಕೋ, ಮೊದಲ ಪುಟಕ್ಕೆ ಹಾಕಬೇಕೋ. ಅದನ್ನು ತೀರ್ಮಾನಿಸುವ ಅಧಿಕಾರ ಈ ಊರಿನಲ್ಲಿ ತಮಗೊಬ್ಬರಿಗೇ ಇದೆ. ಬೆಳಗಾಗುವ ಮೊದಲು, ದಯವಿಟ್ಟು, ಫೋನು ಮಾಡಿರಿ.