ನಜೀರನ ಬೆನ್ನು

ಕುಸ್ತಿ ನೋಡುವ ಹುಚ್ಚು ನನಗೆ ಅಂಟಿಕೊಂಡು ನಲವತ್ತು ವರ್ಷವಾಯಿತು. ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ಕುಸ್ತಿ ನಡೆದರೂ ಅಲ್ಲಿಗೆ ನಾನು ಹಾಜರು. ಇಷ್ಟಾದರೂ ಒಂದು ಸತ್ಯವನ್ನು ಇವತ್ತು ಒಪ್ಪಿಕೊಂಡುಬಿಡುತ್ತೇನೆ. ಒಬ್ಬ ಪೈಲ್ವಾನ ಇನ್ನೊಬ್ಬನನ್ನು ಚಿತ್ ಮಾಡಿದ್ದನ್ನು, ಅಂದರೆ ಸೋತವನ ಎರಡೂ ಭುಜ ಮಣ್ಣಿಗೆ ತಾಗಿದ ಆ ಗಳಿಗೆಯನ್ನು, ನಾನು ಈ ತನಕ ಕಣ್ಣಾರೆ ಕಂಡಿಲ್ಲ. ಅಂಥ ಗಳಿಗೆಯಲ್ಲೆಲ್ಲ ನಾನು ಕಂಡಿರುವುದು ನನ್ನ ಸ್ನೇಹಿತ ನಜೀರನ ಬೆನ್ನನ್ನು.

ನಮ್ಮ ಕಡೆ ಕುಸ್ತಿ ನೋಡಲು ಬರುವವರ ನಡವಳಿಕೆ ಬಗ್ಗೆ ಮಾತಾಡು ಎಂದರೆ ನಾನು ನೀರು ಕುಡಿಯದೆ ಒಂದು ಗಂಟೆ ಮಾತಾಡಬಲ್ಲೆ. ಮೈಸೂರು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಮ್ಮ ಜನ, ಗ್ಯಾಲರಿಯ ಹಲಗೆಗೂ ಟವೆಲ್ ಹಾಸಿ ಕಾಫಿಗೆ ಹೋಗಿಬಿಡುತ್ತಾರೆ. ಒಂದು ಟವೆಲ್ಲಿಗೆ ಆರು ಜನ. "ಒಸಿ ಸರ್ಕಳಿ ಸಾಮಿ, ಒಬ್ರೇಯ" ಎಂದು ತೂರಿಕೊಂಡವನ ಹಿಂದೆ ಅವನ ಬೀಗರೂ ಬಂದಿರುತ್ತಾರೆ. ಮುಂದಿನ ಸೋಫಾ ಗಣ್ಯರಿಗೆ. ಅವರು ಜೋಡಿ ಕೈ ಮಿಲಾಯಿಸುವ ಹೊತ್ತಿಗೆ ಸರಿಯಾಗಿ ಬಂದು, ಹಾರ ಹಾಕಿಸಿಕೊಂಡು, ಫೋಟೋಗೆ ನಿಲ್ಲುತ್ತಾರೆ. ಇನ್ನು ಬಿಸಿಲಿಗೆ ಕೊಡೆ ಬಿಚ್ಚುವವರನ್ನು ನೆನೆಸಿಕೊಂಡರೆ ಈಗಲೂ ನನಗೆ ಬಿ.ಪಿ. ಏರುತ್ತದೆ. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ಮೂವತ್ತು ವರ್ಷ ಜನರಿಗೆ "ಕೂತ್ಕೊಳ್ಳಿ, ಕರೀತೀನಿ" ಎನ್ನುವುದೇ ನನ್ನ ಕೆಲಸವಾಗಿತ್ತು. ಆ ಒಂದು ಮಾತಿನಿಂದ ಎಂತೆಂಥವರನ್ನೋ ಕೂರಿಸಿದ್ದೇನೆ. ನಜೀರನನ್ನು ಮಾತ್ರ ಕೂರಿಸಲು ಆಗಲಿಲ್ಲ.

ನಜೀರ ಶ್ರೀರಂಗಪಟ್ಟಣದವನು. ನಾವಿಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿ ಆಮೇಲೆ ಲಾರಿ ಓಡಿಸಲು ಹತ್ತಿದ. ಬೆನ್ನೆಂದರೆ ಲಾರಿಯ ಹಿಂಬಾಗಿಲಿನಷ್ಟು ಅಗಲ. ಪಕ್ಕದಲ್ಲಿ ಕೂತರೆ ಪೈಲ್ವಾನರ ಪ್ರತಿ ಪಟ್ಟಿಗೂ, ನೋವಿಗೆ ನನ್ನ ಕಣ್ಣು ಮುಚ್ಚಿಹೋಗುವಂತೆ, ತೊಡೆಗೆ ಫಟೀರನೆ ಬಾರಿಸುತ್ತಿದ್ದ. ಒಂದು ಸಲ ನಾನು ವಾರವೆಲ್ಲ ಕುಂಟುತ್ತ ಕಚೇರಿಗೆ ಹೋಗಿದ್ದುಂಟು. ಹಾಗಾಗಿ ನಾನು ಅವನ ಹಿಂದಿನ ಹಲಗೆಗೆ ವರ್ಗ ಮಾಡಿಸಿಕೊಂಡೆ. ಅಲ್ಲಿ ತೊಡೆ ಉಳಿಯಿತು, ನೋಟ ಹೋಯಿತು. ಇನ್ನೇನು ಒಬ್ಬ ಬೀಳುತ್ತಾನೆ ಅನ್ನುವಾಗ ನಜೀರ ಎದ್ದು ನಿಲ್ಲುವನು. "ಕೂತ್ಕೊಳ್ಳೋ!" ಎಂದು ನಾನು ಅವನ ಅಂಗಿ ಜಗ್ಗುವೆನು. ಸಂತೆಬಾಚಹಳ್ಳಿಯಲ್ಲಿ ಒಮ್ಮೆ ಬೆನ್ನಿನ ಹೊಲಿಗೆಯೇ ಕಿತ್ತುಬಂದಿತ್ತು. ಎಲ್ಲ ಮುಗಿದ ಮೇಲೆ ತಿರುಗಿ, "ನೋಡ್ದೇನ್ಲಾ ಪುಟ್ಸಾಮಿ?" ಅನ್ನುವನು. "ಏನ್ ನೋಡ್ಲಿ, ನಿನ್ ಬೆನ್ನಾ?" ಎಂದು ನಾನು ಉರಿದುಬೀಳುವೆನು. ಆಗ ಅವನು ಎರಡೂ ಕೈಯನ್ನು ಇಬ್ಬರು ಪೈಲ್ವಾನರನ್ನಾಗಿ ಮಾಡಿ ಇಡೀ ಕುಸ್ತಿಯನ್ನು ಮತ್ತೆ ಆಡಿಸಿ ತೋರಿಸುವನು. ನಾನು ಕುಸ್ತಿ ನೋಡಿದ್ದೆಲ್ಲ ಆ ಕೈಗಳಲ್ಲಿ.

ಎರಡು ವರ್ಷದ ಕೆಳಗೆ ಶುಗರು ಅವನ ಕಣ್ಣಿಗೆ ಇಳಿಯಿತು. ತೋರಿಸಬೇಕಾದ ಕಡೆಯೆಲ್ಲ ತೋರಿಸಿದರು. ಈಗ ಅವನಿಗೆ ಉಳಿದಿರುವುದು ಬಾಗಿಲು ಯಾವ ಕಡೆ ಎಂದು ತಿಳಿಯುವಷ್ಟು ಬೆಳಕು. ಅವನು ಕುಸ್ತಿ ಬಿಟ್ಟ, ನಾನೂ ಬಿಟ್ಟೆ. ಮೊನ್ನೆ ಕೆ.ಆರ್. ಪೇಟೆಯಲ್ಲಿ ಕುಸ್ತಿ ಇದೆ ಎಂದು ಗೊತ್ತಾದಾಗ ಮನಸ್ಸು ತಡೆಯದೆ ಅವನ ಮನೆಗೆ ಹೋದೆ.

"ಬತ್ತೀಯೇನ್ಲಾ?" ಎಂದೆ.

"ಬಂದು? ನೋಡ್ದೋರು ಅಯ್ಯೋ ಪಾಪ ಅನ್ಲಿ ಅಂತ್ಲಾ?" ಎಂದ.

ಅವನ ಹೆಂಡತಿ ನೂರ್‌ಜಾನ್ ಟೀ ಕೊಡುವ ನೆಪದಲ್ಲಿ ಬಂದು, "ಎಂಗಾರಾ ಮಾಡಿ ಕರ್ಕೊಂಡೋಗಿ ಅಣ್ಣ. ಮನೇಲಿ ಮಾತೇ ಬುಟ್ಬುಟ್ಟವ್ರೆ" ಎಂದು ಪಿಸುಗುಟ್ಟಿದಳು. ನಜೀರನ ಕಿವಿ ಅದನ್ನು ಬಿಡಲಿಲ್ಲ. "ಒಂದೇ ಸಲ ಬತ್ತೀನಿ. ಚೆಂದಾಗಿಲ್ದಿದ್ರೆ ಇದೇ ಕೊನೆ. ಆಮೇಕೆ ಎಲ್ಗೂ ಕರೀಬಾರ್ದು" ಎಂದ. ನಾನು ಒಪ್ಪಿದೆ.

ಕೆ.ಆರ್. ಪೇಟೆಗೆ ಬೇಗ ಹೋಗಿ, ಮುಂದಿನ ಹಲಗೆಗೆ ಟವೆಲ್ ಹಾಸಿದೆ. ಹೌದು, ನಾನೇ ಹಾಸಿದೆ. ಅಕ್ಕಪಕ್ಕ ಕೂತೆವು. ದೊಡ್ಡ ಜೋಡಿ ಶ್ರೀರಂಗಪಟ್ಟಣದವನಿಗೂ ನಾಗಮಂಗಲದವನಿಗೂ ಬಿದ್ದಿತ್ತು. ನನ್ನ ಮುಂದೆ ಯಾರ ಬೆನ್ನೂ ಇಲ್ಲ. ಕೆಮ್ಮಣ್ಣು, ಎಣ್ಣೆ ಮೈ, ಎಲ್ಲ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ನಲವತ್ತು ವರ್ಷ ಬಯಸಿದ ನೋಟ, ಸಿಕ್ಕಿದಾಗ ನನಗೆ ಬೇಡವಾಗಿತ್ತು. ನಜೀರ ಮಂಡಿಯ ಮೇಲೆ ಎರಡೂ ಕೈಯಿಟ್ಟುಕೊಂಡು ನೆಟ್ಟಗೆ ಕೂತಿದ್ದ. ಅಷ್ಟು ಸಭ್ಯ ಪ್ರೇಕ್ಷಕನನ್ನು ನಾನು ಎಲ್ಲೂ ಕಂಡಿಲ್ಲ.

"ಏನಾಯ್ತಾದೆ?" ಎಂದು ಕೇಳಿದ.

"ಇಬ್ರೂ ಒಬ್ರನ್ನೊಬ್ರು ಹಿಡ್ಕಂಡವ್ರೆ" ಎಂದೆ.

"ಕೈ ಎಲ್ಲದೆ? ಕುತ್ಗೇಗಾ, ಸೊಂಟಕ್ಕಾ?"

"ಎರಡಕ್ಕೂ ಇರಬೋದು."

ಮೂವತ್ತು ವರ್ಷ ಮಹಜರು ಬರೆದ ಕೈ ನನ್ನದು. ನಾಲಿಗೆಯೂ ಅದನ್ನೇ ಕಲಿತಿತ್ತು. ನಜೀರ ಇನ್ನೆರಡು ಪ್ರಶ್ನೆ ಕೇಳಿದ. ಅದಕ್ಕೂ ನಾನು "ಗೊತ್ತಾಯ್ತಾ ಇಲ್ಲ" ಎಂದೆ. ಆಮೇಲೆ ಅವನು ಕೇಳಲಿಲ್ಲ. ಜನ ಹೋ ಎಂದಾಗ ಅವನ ಮುಖ ಒಮ್ಮೆ ಎದ್ದು ಮತ್ತೆ ಬಾಗಿತು. ನನ್ನ ಮೊಣಕೈ ತಡಕಿ ಹಿಡಿದು, "ಓಗಾನ ನಡಿ ಪುಟ್ಸಾಮಿ. ಬಸ್ಸು ರಶ್ಶಾಯ್ತದೆ" ಎಂದ.

ಇದೇ ಕೊನೆ ಎಂದಿದ್ದನಲ್ಲ, ಆ ಕೊನೆ ಬಂದುಬಿಟ್ಟಿತು ಎಂದು ನನಗೆ ದಿಗಿಲಾಯಿತು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಅವನ ಭುಜ ಹಿಡಿದು ಎದ್ದು ನಿಂತಿದ್ದೆ. "ನಾಗಮಂಗಲದೋನು ಬಗ್ದ ಕಣೋ! ತೊಡೆ ಸಂದಿಗೆ ಕೈ ಆಕ್ದ! ಗೊಬ್ಬರದ ಮೂಟೆ ಎತ್ದಂಗೆ ಎತ್ತಿ ಎಗಲ ಮ್ಯಾಲೆ ಆಕ್ಕೊಂಡ ಕಣೋ!" ಎಂದು ಗಂಟಲು ಹರಿಯುವಂತೆ ಕೂಗಿದೆ.

"ಅದು ಕಲಾಜಂಗ್ ಪಟ್ಟು ಕಣ್ಲಾ, ದಡ್ ನನ್ಮಗನೆ! ಎತ್ತಿದ್ನಾ? ಪೂರಾ ಎತ್ತಿದ್ನಾ?" ಎನ್ನುತ್ತ ನಜೀರ ನನ್ನ ತೊಡೆಗೆ ಫಟೀರನೆ ಬಾರಿಸಿದ.

ಎಷ್ಟೋ ವರ್ಷದ ಮೇಲೆ ಬಿದ್ದ ಏಟು. ಕಣ್ಣು ತುಂಬಿಬಂತು. ಏಟಿಗೆ ಬಂದ ನೀರು ಎಂದು ಬೇಕಾದರೆ ಬರೆದುಕೊಳ್ಳಿ. ಹಿಂದಿನಿಂದ ಯಾರೋ, "ಏ ಯಜಮಾನ್ರೇ, ಕೂತ್ಕಳ್ರೀ! ನಿಮ್ ಬೆನ್ ನೋಡಾಕ್ ಬಂದಿದ್ದೀವಾ?" ಎಂದು ನನ್ನ ಅಂಗಿ ಜಗ್ಗಿದರು. ಪರ್ರ್ ಎಂದಿತು. ನಾನು ಕೂರಲಿಲ್ಲ. ಮುಂದೆ ಬರೀ ಕೆಂಪು ಮಸುಕು. ತಮಟೆ, ಶಿಳ್ಳೆ, ಕೂಗು ಎಲ್ಲ ಒಟ್ಟಿಗೆ ಎದ್ದವು.

"ಯಾರ್ಲಾ ಬಿದ್ದೋನು?" ಎಂದ ನಜೀರ.

ನಾನು ನೋಡಿರಲಿಲ್ಲ. ಅಂಗಿ ಜಗ್ಗಿದವರ ಕಡೆಗೆ ತಿರುಗಿ, "ಏನಾಯ್ತು ಸಾಮಿ?" ಎಂದೆ.

"ನನ್ನೇನ್ ಕೇಳ್ತೀರಿ? ನಿಮ್ ಬೆನ್ನು ಅಡ್ಡ ಇತ್ತಲ್ಲ" ಎಂದರು.

ನಜೀರ ನಗುತ್ತ ನನ್ನ ಕೈ ಹಿಡಿದು ಕೂರಿಸಿದ. "ಎತ್ದೋನೇ ಚಿತ್ತಾದ ಕಣ್ಲಾ. ನಮ್ಮ ಪಟ್ಟಣದೋರ ಸಿಳ್ಳೆ ಕೇಳ್ನಿಲ್ವಾ ನಿಂಗೆ?" ಎಂದವನೇ ಎರಡೂ ಕೈ ಎತ್ತಿ, ಒಂದು ಕೈ ಇನ್ನೊಂದನ್ನು ಹೇಗೆ ಕೆಡವಿತೆಂದು ಆಡಿಸಿ ತೋರಿಸಿದ. ನಾನು ಎಂದಿನಂತೆ ನೋಡಿದೆ.

ವಾಪಸು ಬರುವಾಗ ಬಸ್ಸಿನ ಮೆಟ್ಟಿಲ ಬಳಿ ಅವನ ಕೈ ಗಾಳಿಯಲ್ಲಿ ಕಂಬಿ ಹುಡುಕಿತು. ಒಂದು ಕಾಲದಲ್ಲಿ ತುಂಬಿದ ಲಾರಿಯನ್ನು ಒಂಟಿಯಾಗಿ ತಿರುಗಿಸುತ್ತಿದ್ದ ಕೈ ಅದು. ನಾನು ಹಿಡಿದು ಕಂಬಿಯ ಮೇಲಿಟ್ಟೆ. ಸೀಟಿನಲ್ಲಿ ಕೂತ ಮೇಲೆ, "ಮುಂದಿನ ತಿಂಗ್ಳು ನಾಗಮಂಗಲದಲ್ಲಿ ಅದೆಯಂತೆ. ಬತ್ತೀನಿ. ನಿಂಗೆ ಕುಸ್ತಿ ನೋಡಾಕೇ ಬರಾಕಿಲ್ಲ. ನಾನಿಲ್ದಿದ್ರೆ ನಿಂಗ್ಯಾರ್ಲಾ ಯೋಳ್ತಾರೆ?" ಎಂದ.

ಮನೆಗೆ ಬಂದು ಅಂಗಿ ಬಿಚ್ಚಿದರೆ ಬೆನ್ನಿನ ಹೊಲಿಗೆ ಒಂದು ಗೇಣು ಬಿಟ್ಟಿತ್ತು. "ಈ ವಯಸ್ಸಿನಲ್ಲಿ ಎಲ್ಲಿ ಹೊಡೆದಾಡಿಕೊಂಡು ಬಂದ್ರಿ?" ಎಂದು ಹೆಂಡತಿ ಸೂಜಿ ದಾರ ತಂದಳು. ಬೇಡ ಎಂದೆ. ಹೇಗೂ ಮುಂದಿನ ತಿಂಗಳು ಮತ್ತೆ ಹರಿಯುತ್ತದೆ.